ಜೇನಿಗೆ ಹಾಕಿದ ವೋಟು

ಸಿಯಾ,

ಕ್ಲಾಸು ಆರಿಸಿದ ಪ್ರಯೋಗ ತಗೊಂಡು ವಿಮಾನ ಹತ್ತೋಕೆ ಹ್ಯೂಸ್ಟನ್‌ಗೆ ಹೊರಟೆ. ಮೊಸರನ್ನ ಫ್ರಿಜ್ಜಿನಲ್ಲಿದೆ, ದಾಳಿಂಬೆ ನೀನೇ ಬಿಡಿಸಿ ಹಾಕ್ಕೋ. ಸ್ಕೂಲಿಂದ ಭಾನುಮತಿ ಆಂಟಿ ಪಿಕಪ್ ಮಾಡ್ತಾರೆ. ಓದೋಕೆ ಬಾರದ ಅಕ್ಷರ ಇದ್ದರೆ ಅಪ್ಪನ್ನ ಕೇಳು.

ತೂಕವೇ ಇಲ್ಲದ ಹಾಗೆ ತೇಲಿಸೋ ಆ ವಿಮಾನದಲ್ಲಿ ರಂಗೋಲಿ ಪುಡಿ ಹೇಗೆ ಹರಡುತ್ತೆ ಅಂತ ನೋಡೋ ನಿನ್ನ ಪ್ರಯೋಗಕ್ಕೂ, ಮಾರಿಸೋಲ್‌ಳ ಜೇನುತುಪ್ಪದ ಪ್ರಯೋಗಕ್ಕೂ ಕ್ಲಾಸಿನಲ್ಲಿ ಸಮ ವೋಟು ಬಿತ್ತು. ಕೊನೇ ವೋಟು ಟೀಚರ್ ಆದ ನನ್ನದು. ಮಗಳಿಗೇ ಹಾಕಿದಳು ಅಂತಾರೇನೋ ಅಂತ ಹೆದರಿ ಜೇನಿಗೆ ಹಾಕಿದೆ. ಚೆನ್ನಾಗಿದ್ದದ್ದು ನಿನ್ನದೇ.

ಕಸದ ಬುಟ್ಟಿಯಲ್ಲಿದ್ದ ನಿನ್ನ ರಂಗೋಲಿ ಪುಡಿ ಡಬ್ಬಿ ಒರೆಸಿ ಮೇಜಿನ ಮೇಲಿಟ್ಟಿದ್ದೀನಿ. ಮತ್ತೆ ಎಸೀಬೇಡ.

ಯಾವಾಗಲೂ ಇಂಗ್ಲಿಷ್‌ನಲ್ಲೇ ಉತ್ತರ ಕೊಡೋ ನೀನು ನಿನ್ನೆ ಕನ್ನಡದಲ್ಲಿ "ಪರವಾಗಿಲ್ಲ ಅಮ್ಮ" ಅಂದೆ. ಬಾಗಿಲು ಬಡಿದುಕೊಂಡು ಹೋಗಿದ್ದರೂ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ.

ಅಮ್ಮ