ಜೂಡಿತ್‌ಳನ್ನು ಯಾರಿಗೆ ಕೊಟ್ಟಿರಿ?

ನ್ಯೂಪೋರ್ಟ್, ಮಾರ್ಚ್ ೧೭೬೪

ಮೆಹಿಟಬಲ್ ಅಮ್ಮನವರಿಗೆ,

ನಿಮ್ಮ ಮಗಳಿಗೆ ಹೆರಿಗೆಯಾಗಿದೆ, ಎದೆಹಾಲು ಬರುತ್ತಿಲ್ಲ, ಬಂದು ಮಗುವಿಗೆ ಹಾಲು ಕುಡಿಸು ಎಂದು ಹೇಳಿ ಕಳಿಸಿದ್ದೀರಿ. "ಡಾರ್ಕಸ್ ನಮ್ಮನೆಯವಳೇ ಅಲ್ವೇ" ಅಂದಿರಂತೆ.

ನಿಮ್ಮ ಮನೆಯಲ್ಲಿ ಗುಲಾಮಳಾಗಿದ್ದಾಗ ನಾನೂ ಹೆತ್ತಿದ್ದೆ. ಜೂಡಿತ್ ಅತ್ತರೆ ನಿಮಗೆ ತಲೆನೋವು ಬರುತ್ತದೆಂದು, ಹಾಲು ಬಿಡಿಸುವ ಮುಂಚೆಯೇ ಅವಳನ್ನು ಯಾರಿಗೋ ಕೊಟ್ಟುಬಿಟ್ಟಿರಿ. ಕಾಲು ಹಿಡಿದೆ. "ಅಳಬೇಡ್ವೇ, ನಿಂಗಿನ್ನೊಂದು ಹುಟ್ಟುತ್ತೆ" ಅಂದಿರಿ.

ಹುಟ್ಟಿದ್ದಾನೆ. ಈಗ ನಾನು ಸ್ವತಂತ್ರಳು, ಈ ಹಾಲು ಅವನದು. ಆದರೂ ನಿಮ್ಮ ಮೊಮ್ಮಗಳದ್ದೇನೂ ತಪ್ಪಿಲ್ಲ, ಕುಡಿಸುತ್ತೇನೆ. ನಿಮ್ಮ ಹೊಸ್ತಿಲು ಮಾತ್ರ ತುಳಿಯುವುದಿಲ್ಲ. ಅವಳನ್ನು ಎತ್ತಿಕೊಂಡು ನೀವೇ ಇಲ್ಲಿಗೆ ಬನ್ನಿ. ಮಗುವನ್ನು ಒಳಗೆ ಕರೆದುಕೊಳ್ಳುತ್ತೇನೆ. ಜೂಡಿತ್‌ಳನ್ನು ಯಾರಿಗೆ ಕೊಟ್ಟಿರಿ ಎಂದು ಬಾಯಿಬಿಟ್ಟು ಹೇಳುವವರೆಗೆ ನೀವು ಬೀದಿಯಲ್ಲೇ ನಿಲ್ಲಬೇಕು.

ಇಂತಿ,
ಜೂಡಿತ್‌ಳ ತಾಯಿ ಡಾರ್ಕಸ್