ಬೆಲ್ಟು ಬಿಗಿಯುವ ಕೈ

ನನ್ನ ಬಿರುಗಾಳಿಯೇ,

ನಾನು ಪ್ರಾರ್ಥನೆಗೆ ಹೊರಟೆ. ಬರುವಷ್ಟರಲ್ಲಿ ನೀನು ನಿನ್ನ ಮೊದಲ ಇಪ್ಪತ್ತನಾಲ್ಕು ಗಂಟೆಯ ರೇಸಿಗೆ ಹೊರಟಿರುತ್ತೀಯ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿದೇ ಹೋಗು. ಕೈಗವಸು ಕಿಟಕಿಯಲ್ಲಿ ಒಣಗಿದೆ, ಮರೆಯಬೇಡ.

ನಿನ್ನೆ, ರೇಸಿನ ನಡುವೆ ಕಾರಿನಿಂದಿಳಿದು ಜೊತೆಯ ಡ್ರೈವರನ್ನು ಕೂರಿಸಿ ಬೆಲ್ಟು ಬಿಗಿಯುವ ಅಭ್ಯಾಸವೆಂದು ನನ್ನನ್ನು ಸೂಟ್‌ಕೇಸಿನ ಬೆಲ್ಟಿನಿಂದ ಕುರ್ಚಿಗೆ ಬಿಗಿದವಳು, ಫೋನ್ ಬಂತೆಂದು ಎದ್ದೇಹೋದೆ. ಕೊನೆಗೆ ನಿಮ್ಮಪ್ಪ, "ಅಮ್ಮಾ, ನಿನ್ನ ರೇಸ್ ಯಾವಾಗ ಶುರು?" ಎಂದು ನಗುತ್ತಾ ಬಿಚ್ಚಿದ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಬಿಗಿಯುವಾಗ ನೀನು ನನ್ನ ಮುಖವನ್ನೇ ನೋಡಲಿಲ್ಲ.

"ಒಬ್ಳೇ ಪುಟ್ಟ ಕಾರ್ಟ್ ಗಾಡಿ ಓಡಿಸೋವಾಗ ಗೆದ್ರೂ ನಾನೇ, ಸೋತ್ರೂ ನಾನೇ. ಈಗ ರಾತ್ರಿಯೆಲ್ಲ ಓಡ್ಸಿ, ಕೊನೆಗೆ ಕಾರನ್ನ ಜೊತೆಯವಳ ಕೈಗೆ ಕೊಟ್ಟು, ಗೆದ್ದ ಬಾವುಟ ಅವಳಿಗೆ ಬೀಸೋದನ್ನ ನೋಡ್ತಾ ನಿಲ್ಬೇಕಾ ಅಜ್ಜಿ?" ಅಂದೆಯಲ್ಲ, ಆ ಮಾತು ಮನಸ್ಸಿನಲ್ಲೇ ಕೂತಿದೆ.

ನೀನು ಪುಟ್ಟವಳಿದ್ದಾಗ ನಿನ್ನ ಹೆಲ್ಮೆಟ್ ಕಟ್ಟುತ್ತಿದ್ದವಳು ನಾನು. ಗಲ್ಲಕ್ಕೆ ಒತ್ತೀತೆಂದು ಪಟ್ಟಿಯ ಕೆಳಗೆ ಬೆರಳಿಟ್ಟು ನೋಡಿ, ಕಣ್ಣಲ್ಲಿ ಕಣ್ಣಿಟ್ಟು "ಹೋಗಿ ಬಾ" ಅನ್ನುತ್ತಿದ್ದೆ. ಬೇಲಿಯಾಚೆ ನಿಂತ ನನಗೆ ಯಾರೂ ಬಾವುಟ ಬೀಸಲಿಲ್ಲ ಕಣೇ. ಆದರೂ ನೀನು ಗೆದ್ದ ದಿನವೆಲ್ಲ ಗೆದ್ದ ಆಯಾಸದಲ್ಲೇ ನಾನೂ ಮಲಗಿದ್ದೇನೆ.

ಜೊತೆಯವಳನ್ನು ಕಾರಿನಲ್ಲಿ ಕೂರಿಸುವಾಗ ಬೆಲ್ಟು ಎಲ್ಲೂ ತಿರುಚಿಲ್ಲವೆಂದು ಬೆರಳಾಡಿಸಿ ನೋಡು. ಮುಖ ನೋಡು. ನಾನು ನಿನಗೆ ಹೇಳುತ್ತಿದ್ದ ಮಾತನ್ನೇ ಹೇಳು. ಅವಳ ಅಜ್ಜಿಯೂ ಎಲ್ಲೋ ಕೈಮುಗಿದು ಕೂತಿರುತ್ತಾಳೆ.

ನಾನಿವತ್ತು ನಿಮ್ಮಿಬ್ಬರಿಗೂ ಸೇರಿಸಿಯೇ ಬೇಡಿಕೊಳ್ಳುತ್ತೇನೆ. ಬೀಗದಕೈ ಹೂಕುಂಡದ ಕೆಳಗಿಡು.

ಎಬ್ಬಿಸಿ ಹೇಳೋಣವೆಂದಿದ್ದೆ, ನಿದ್ದೆ ಕೆಡಿಸಲು ಮನಸ್ಸು ಬರಲಿಲ್ಲ. ಹೋಗಿ ಬಾ.

ಅಜ್ಜಿ