ಲಗ್ನಪತ್ರಿಕೆಯಲ್ಲಿ ನನ್ನ ಹೆಸರು

ಬಾಗಲಗುಂಟೆ, ಭಾನುವಾರ

ಪ್ರೀತಿಯ ತಮ್ಮ ಶಿವರಾಜನಿಗೆ ಅಕ್ಕ ಸಿದ್ದಮ್ಮನ ಆಶೀರ್ವಾದ.

ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನೋಡು ಎಂದು ನೀನು ಫೋನಿಗೆ ಕಳಿಸಿದ ಮಗಳು ಐಶ್ವರ್ಯಾಳ ಲಗ್ನಪತ್ರಿಕೆ ನೋಡಿದೆ. ಗಣಪತಿ ಚೆನ್ನಾಗಿದ್ದಾನೆ. ಹುಡುಗನ ಹೆಸರು, ಮುಹೂರ್ತ, ಛತ್ರ ಎಲ್ಲ ಸರಿಯಾಗಿದೆ. ತಪ್ಪಿರುವುದು ಒಂದೇ ಕಡೆ. ಕೆಳಗೆ 'ತಮ್ಮ ಆಗಮನವನ್ನು ಬಯಸುವವರು' ಎಂಬಲ್ಲಿ 'ಶ್ರೀಮತಿ ಸಿದ್ದಮ್ಮ, ಪ್ರೊಡಕ್ಷನ್ ಮ್ಯಾನೇಜರ್, ಪೀಣ್ಯ' ಎಂದಿದೆ. ಆ ಕುರ್ಚಿಯಿಂದ ನಾನಾಗಿಯೇ ಎದ್ದು ಬಂದೆ, ಮತ್ತೆ ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೇ ಕೂತಿದ್ದೇನೆ ಎಂದು ನಿನಗೆ ಹೇಳಿದ್ದೆ. ಅದಕ್ಕೆ ನೀನು, "ಗಂಡಿನ ಕಡೆಯೋರಿಗೆ ನಮ್ಮಕ್ಕ ಮ್ಯಾನೇಜರ್ ಅಂತ ಹೇಳ್ಬಿಟ್ಟಿದೀನಿ ಕಣಕ್ಕ. ಮದುವೆ ಮುಗಿಯೋವರ್ಗೂ ಹಾಗೇ ಇರ್ಲಿ ಬಿಡು. ವೈಂಡಿಂಗ್ ಮಾಡೋಳು ಅಂತ ಹಾಕ್ಸಕ್ಕಾಗತ್ತಾ?" ಅಂದೆ. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬರೆದಾದ ಮೇಲೆ ಫೋಟೋ ತೆಗೆದು ಕಳಿಸುತ್ತೇನೆ, ಅಂಚೆಗೆ ಕಾಯುವಷ್ಟು ಸಮಯವಿಲ್ಲ.

ಸಿಟ್ಟಿನಿಂದ ಬರೆಯುತ್ತಿಲ್ಲ ಶಿವು. ನಾನು ಮ್ಯಾನೇಜರ್ ಆದಾಗ ನೀನು ಆನೇಕಲ್ಲಿನಿಂದ ಮೈಸೂರು ಪಾಕು ಹಿಡಿದುಕೊಂಡು ಬಂದಿದ್ದೆ. ಗಾಜಿನ ಕೋಣೆಯಲ್ಲಿ ನನ್ನ ಕುರ್ಚಿಯ ಮೇಲೆ ಕೂತು ಒಂದು ಸುತ್ತು ತಿರುಗಿ, "ಏ.ಸಿ. ಬೇರೆ ಇದೆಯಲ್ಲಕ್ಕ, ಸಕ್ಕತ್" ಎಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮೋಟರಿನ ನಕ್ಷೆ ಓದುವುದನ್ನು ಕದ್ದು ನೋಡಿ ಕಲಿತವಳು ಇಲ್ಲಿಗೆ ಬಂದಳಲ್ಲ ಎಂದು ನನಗೂ ಹಿಗ್ಗಿತ್ತು.

ಆ ಕೋಣೆಯಲ್ಲಿ ಆಮೇಲೆ ಏನಾಯಿತೆಂದು ನಿನಗೆ ಹೇಳಲಿಲ್ಲ. ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ, ಕಷ್ಟ ಅದೇ. ಮಧ್ಯಾಹ್ನ ನಮ್ಮ ಹೆಣ್ಣುಮಕ್ಕಳು ನೆಲಕ್ಕೆ ರಟ್ಟು ಹಾಸಿಕೊಂಡು ಸುತ್ತ ಕೂತು ಡಬ್ಬಿ ಬಿಚ್ಚುತ್ತಾರೆ. ಒಬ್ಬಳ ಪಲ್ಯ ಇನ್ನೊಬ್ಬಳ ಮುಚ್ಚಳಕ್ಕೆ ಹೋಗುತ್ತದೆ. ವರ್ಷಗಟ್ಟಲೆ ನಾನು ಹಾಗೆ ಉಂಡವಳು. ಮ್ಯಾನೇಜರ್ ಆದ ಮೇಲೆ ಡಬ್ಬಿ ಹಿಡಿದು ಹೋದರೆ ಎಲ್ಲರೂ ಎದ್ದು ನಿಂತರು. ಪ್ರಿಯಾಂಕಾ ಅಂತ ಒಬ್ಬಳಿದ್ದಾಳೆ, ಬಾಯಿಬಡುಕಿ, ನಾನೇ ಕೆಲಸ ಕಲಿಸಿದವಳು. ಅವಳೂ "ಕೂತ್ಕೊಳಿ ಮೇಡಂ" ಎಂದು ಸರಿದು ಜಾಗ ಬಿಟ್ಟಳು. ಎಷ್ಟು ಜಾಗ ಬಿಟ್ಟಳೆಂದರೆ ಅಲ್ಲಿ ಮೂವರು ಕೂರಬಹುದಿತ್ತು. ಮರುದಿನದಿಂದ ಕೋಣೆಯಲ್ಲೇ ಉಂಡೆ.

ಬೆಳಗಾಗುತ್ತಲೇ ಫೋನು. ಮಾಲು ಯಾಕೆ ಹೋಗಿಲ್ಲ, ತಾಮ್ರ ಯಾಕೆ ಬಂದಿಲ್ಲ, ಇವತ್ತು ಯಾರು ರಜೆ. ಸ್ನಾನಕ್ಕೆ ಹೋದರೂ ಫೋನು ಜೊತೆಗೇ. ಮನೆಗೆ ಬಂದರೆ ನಿನ್ನ ಭಾವ ಹೋದ ಮೇಲೆ ಮಾತಿಗೆ ಯಾರಿದ್ದಾರೆ? ಟಿ.ವಿ. ಹಾಕುವುದಕ್ಕೂ ಮನಸ್ಸಿರುತ್ತಿರಲಿಲ್ಲ. ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಕೂತರೆ, ಕಲಸಿದ್ದು ತಟ್ಟೆಯಲ್ಲೇ ಒಣಗುತ್ತಿತ್ತು.

ಶ್ರಾವಣದಲ್ಲಿ ಒಂದು ದಿನ ಫ್ಯಾಕ್ಟರಿಯ ಗೇಟಿನ ತನಕ ಹೋದೆ, ಮುಂದಕ್ಕೆ ಕಾಲು ಬರಲಿಲ್ಲ. ಎದುರಿನ ಟೀ ಅಂಗಡಿಯ ಹತ್ತಿರ ನಿಂತೇ ಇದ್ದೆ. ವಾಚ್‌ಮನ್ ಯಂಕಪ್ಪ ಬಂದು, "ಯಾಕ್ ಮೇಡಂ, ಯಾರಿಗಾದ್ರೂ ಕಾಯ್ತಿದೀರಾ?" ಎಂದು ಕೇಳಿದ. ಹೌದೆಂದೆ. ಯಾರಿಗೆ ಕಾಯುತ್ತಿದ್ದೆನೋ. ಬಸ್ಸು ಹತ್ತಿ ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ ಮಂಚದ ಮೇಲೆ ಕೂತೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಷ್ಟು ಕರೆಗಳಲ್ಲಿ ಒಂದೂ ನನಗೆ ಬಂದದ್ದಾಗಿರಲಿಲ್ಲ ಶಿವು, ಎಲ್ಲವೂ ಆ ಕುರ್ಚಿಗೆ ಬಂದವು.

ನನ್ನ ಹಳೆ ಕೆಲಸಕ್ಕೇ ಹಾಕಿ ಎಂದು ಹೋಗಿ ಕೇಳಿದೆ. ಓನರ್ ಒಳ್ಳೆಯವರೇ. "ಏನ್ ಸಿದ್ದಮ್ಮ, ಜನ ಮೇಲೆ ಹೋಗಕ್ಕೆ ಅಳ್ತಾರೆ, ನೀವು ಕೆಳಗಿಳಿಯಕ್ಕೆ ಅಳ್ತೀರಲ್ಲ" ಎಂದು ನಕ್ಕರು, ಆಮೇಲೆ ಒಪ್ಪಿದರು. ಸಂಬಳ ಇಳಿಯಿತು. ಒಬ್ಬಳ ಹೊಟ್ಟೆಗೆ ಸಾಕು.

ಈಗ ಸುಖವಾಗಿದ್ದೇನೆ ಎಂದು ಬರೆದರೆ ಅದೂ ಸುಳ್ಳೇ. ನನ್ನನ್ನು ಎಲ್ಲಿ ಕೂರಿಸಬೇಕೆಂದು ಹುಡುಗಿಯರಿಗೆ ತಿಳಿಯದು. ಮೇಡಂ ಎನ್ನಲು ಬಾಯಿ ಬರದು, ಅಕ್ಕ ಎನ್ನಲು ಅಂಜಿಕೆ. ಹೊಸ ಮ್ಯಾನೇಜರ್ ನನ್ನ ಬೆನ್ನ ಹಿಂದೆ ಹಾದು ಹೋಗುವಾಗ ಬೇಕೆಂದೇ ಹೆಜ್ಜೆ ಜೋರು ಮಾಡುತ್ತಾನೆ. ಹೋದ ವಾರ ಪ್ರಿಯಾಂಕಾ ನನ್ನ ಕೈ ನೋಡಿ, "ಏನಕ್ಕ, ತುಕ್ಕು ಹಿಡ್ದೋಗಿದ್ಯಾ? ನಿನ್ನೆ ಸೇರಿದೋಳ ಥರ ಸುತ್ತುತಿದೀಯಾ" ಎಂದು ಕಿಚಾಯಿಸಿದಳು. ಅಷ್ಟು ಕಾಲ ನನ್ನನ್ನು ಯಾರೂ ಕಿಚಾಯಿಸಿರಲಿಲ್ಲ. ಬಚ್ಚಲಿಗೆ ಹೋಗಿ ಅತ್ತು ಬಂದೆ.

ನಾನು ಸುತ್ತಿದ ಮೋಟರು ಪರೀಕ್ಷೆಯಲ್ಲಿ ತಿರುಗಿತೆಂದರೆ ನನ್ನ ಕೆಲಸ ಮುಗಿಯಿತು. ಸಂಜೆ ಅದು ನನ್ನ ಹಿಂದೆ ಬಸ್ಸು ಹತ್ತುವುದಿಲ್ಲ. ಎಲ್ಲೋ ಯಾರದೋ ಮನೆಗೆ ನೀರೆತ್ತುತ್ತಿರುತ್ತದೆ. ಮುಂದೆ ಬರುವುದೆಂದರೆ ಮೇಲೆ ಹೋಗುವುದು ಎಂದು ನೀನೂ ನಾನೂ ನಂಬಿಕೊಂಡು ಬೆಳೆದೆವು. ಈಗ ನನಗೆ ಅನಿಸುವುದು ಇಷ್ಟೇ: ಮಾಡಿದ್ದನ್ನು ಚೆನ್ನಾಗಿ ಮಾಡಿ, ಉಂಡದ್ದರ ರುಚಿ ತಿಳಿದು, ಮಲಗಿದರೆ ನಿದ್ದೆ ಬಂದರೆ ನಾನು ಮುಂದೆ ಬಂದ ಹಾಗೆಯೇ. ಇದನ್ನು ಸೋಲು ಎಂದು ನೀನು ಬೀಗರಿಂದ ಮುಚ್ಚಿಟ್ಟರೆ, ಮತ್ತೆ ನನ್ನನ್ನು ಆ ಗಾಜಿನ ಕೋಣೆಯೊಳಗೆ ಕೂರಿಸಿದ ಹಾಗೆ.

ನಾನು ಹುದ್ದೆ ಬಿಟ್ಟ ವಿಷಯ ತಿಳಿದು ಐಶ್ವರ್ಯಾ ಫೋನ್ ಮಾಡಿದ್ದಳು. ಕಾರಣ ಕೇಳಲಿಲ್ಲ. "ಅತ್ತೆ, ಈಗ ನಿದ್ದೆ ಬರ್ತಿದ್ಯಾ?" ಎಂದಷ್ಟೇ ಕೇಳಿದಳು. ಅವಳೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವವಳು. ಕೇಳಬೇಕಾದ ಪ್ರಶ್ನೆ ಅದೇ ಎಂದು ಇಷ್ಟು ಚಿಕ್ಕ ವಯಸ್ಸಿಗೆ ಅವಳಿಗೆ ಹೇಗೆ ಗೊತ್ತಾಯಿತು ಎಂದು ನನಗೆ ದಿಗಿಲಾಯಿತು. ನೀನು ಒಮ್ಮೆ ಅವಳ ಹತ್ತಿರ ಕೂತು ಮಾತಾಡು.

ಇನ್ನು ನನ್ನ ಹೆಸರಿನ ವಿಷಯ. ಅದರ ಮುಂದೆ 'ಮೋಟರ್ ವೈಂಡಿಂಗ್, ಪೀಣ್ಯ' ಎಂದು ಹಾಕಿಸು. ಮನಸ್ಸು ಬರದಿದ್ದರೆ ಹೆಸರನ್ನೇ ತೆಗೆಸಿಬಿಡು. ನೊಂದುಕೊಳ್ಳುವುದಿಲ್ಲ ಎನ್ನಲಾರೆ, ಆದರೂ ಬರುತ್ತೇನೆ. ಅರಿಶಿನದ ದಿನದಿಂದ ಹಿಡಿದು ಹುಡುಗಿಯನ್ನು ಗಂಡನ ಮನೆಗೆ ಬಿಟ್ಟು ಬರುವವರೆಗೂ ಇರುತ್ತೇನೆ, ರಜೆ ಹೇಳಿಯಾಗಿದೆ. ಮ್ಯಾನೇಜರ್ ಆಗಿದ್ದರೆ ಮುಹೂರ್ತಕ್ಕೆ ಬಂದು ಅಕ್ಷತೆ ಹಾಕಿ ಓಡುತ್ತಿದ್ದೆ. ಆದರೆ ಬಿಟ್ಟು ಬಂದ ಆ ಹುದ್ದೆಯನ್ನೇ ಅಚ್ಚು ಹಾಕಿಸಿದರೆ ನಾನು ಬರಲಾರೆ. ಜನರನ್ನು ಕರೆದ ಆ ಸಿದ್ದಮ್ಮ ಬೇರೆ ಯಾರೋ, ಅವಳ ಬದಲು ನಾನು ಹೋಗಿ ಬಾಗಿಲಲ್ಲಿ ಹೇಗೆ ನಿಲ್ಲಲಿ?

ಐಶ್ವರ್ಯಾ ಬೇಕಾದಷ್ಟು ಎತ್ತರಕ್ಕೆ ಹೋಗಲಿ. ಸಾಕೆನಿಸಿ ಇಳಿದು ಬಂದ ದಿನ ಅವಳನ್ನು ಯಾರಿಂದಲೂ ಮುಚ್ಚಿಡದ ಮನೆ ಅವಳಿಗೆ ಸಿಗಲಿ. ಅಕ್ಕನ ಈ ಹಾರೈಕೆಯನ್ನು ಅವಳಿಗೆ ಓದಿ ಹೇಳು.

ನಿನ್ನ ಮಾತಿಗೆ ಕಾದಿರುವ,
ಅಕ್ಕ ಸಿದ್ದಮ್ಮ